ನೆಪ ಸಿಗುವ ಗಳಿಗೆ: ಮಳೆಗಾಲದಲ್ಲಿ ಓದಿದ ಅಕುತಗಾವನ ಕತೆಗಳು

ತೀರ್ಥಹಳ್ಳಿಯ ಕಡೆ ಪುನರ್ವಸು ಮಳೆ ಹಿಡಿಯಿತೆಂದರೆ, ಅಡಿಕೆಗೆ ಕೊಳೆ ಔಷಧಿ ಹೊಡೆಸಲು ಹೊಳವಿಗಾಗಿ ಕಾಯುವುದನ್ನು ಬಿಟ್ಟು ತೋಟದವರಿಗೆ ಹೆಚ್ಚಿನ ಕೆಲಸವಿರುವುದಿಲ್ಲ. ಹಾಗೆ ಕಾಯುತ್ತ ಕಳೆದ ಮೂರು ವಾರಗಳಲ್ಲಿ ನಾನು ಓದಿ ಮುಗಿಸಿದ್ದು ಜಪಾನಿನ ಕತೆಗಾರ ರ್ಯುನೊಸುಕೆ ಅಕುತಗಾವನ ಹದಿನೆಂಟು ಕತೆಗಳ ಇಂಗ್ಲಿಷ್ ಸಂಕಲನವನ್ನು. ಪೆಂಗ್ವಿನ್ ಕ್ಲಾಸಿಕ್ಸ್ ಮಾಲೆಯಲ್ಲಿ 2006ರಲ್ಲಿ ಬಂದ ಈ ಪುಸ್ತಕದ ಹೆಸರು ‘ರಾಶೊಮೊನ್ ಅಂಡ್ ಸೆವೆಂಟೀನ್ ಅದರ್ ಸ್ಟೋರೀಸ್’. ಅನುವಾದ ಜೇ ರೂಬಿನ್ ಅವರದು, ಮುನ್ನುಡಿ ಹರುಕಿ ಮುರಕಾಮಿ ಅವರದು. ಮೊದಲು ಆನ್‌ಲೈನಿನಲ್ಲಿ ತರಿಸಿದ ಪ್ರತಿ ದಾರಿಯ ಮಳೆಯಲ್ಲಿ ನೆಂದು, ನೆನೆಹಾಕಿದ ಅವಲಕ್ಕಿಯಂತೆ ಉಬ್ಬಿ ಬಂದಿತ್ತು. ಅದನ್ನು ಹಿಂದಿರುಗಿಸಿ, ಶಿವಮೊಗ್ಗದ ಅಂಗಡಿಯೊಂದರಲ್ಲಿ ಹೇಳಿ ತರಿಸಿಕೊಳ್ಳಬೇಕಾಯಿತು. ಕತೆಗಳ ಕನ್ನಡ ಹೆಸರುಗಳನ್ನು ಈ ಬರಹದ ಅನುಕೂಲಕ್ಕಾಗಿ ನಾನೇ ಇಟ್ಟುಕೊಂಡಿದ್ದೇನೆ.

ಮೊದಲ ಕತೆ ಶುರುವಾಗುವುದೇ ಮಳೆಯಿಂದ. ಭೂಕಂಪ, ಸುಂಟರಗಾಳಿ, ಬೆಂಕಿ, ಬರಗಳು ಒಂದರ ಮೇಲೊಂದು ಬಂದು ಹಾಳುಬಿದ್ದ ಕ್ಯೋಟೊ ನಗರದ ಹೆಬ್ಬಾಗಿಲಿನ ಕೆಳಗೆ ಕೆಲಸ ಕಳೆದುಕೊಂಡ ಒಬ್ಬ ಆಳು ಮಳೆ ನಿಲ್ಲುವುದನ್ನು ಕಾಯುತ್ತ ಕೂತಿದ್ದಾನೆ. ಹೆಬ್ಬಾಗಿಲಿನ ಬಣ್ಣ ಅಲ್ಲಲ್ಲಿ ಕಿತ್ತುಹೋಗಿದೆ, ಕಂಬದ ಮೇಲೊಂದು ಹುಳ ಕೂತಿದೆ, ವಾರಸುದಾರರಿಲ್ಲದ ಹೆಣಗಳನ್ನು ಜನ ಮೇಲಿನ ಅಟ್ಟಕ್ಕೆ ತಂದು ಎಸೆದುಹೋಗುತ್ತಾರೆ. ಮಳೆ ನಿಂತರೂ ಅವನಿಗೆ ಹೋಗಲು ಊರಿಲ್ಲ. ಉಪವಾಸ ಬಿದ್ದು ಸಾಯಬೇಕು, ಇಲ್ಲವೇ ಕಳ್ಳನಾಗಬೇಕು. ಕಳ್ಳನಾಗದೆ ವಿಧಿಯಿಲ್ಲ ಎಂಬುದು ಅವನಿಗೆ ಗೊತ್ತು, ಆದರೆ ಹಾಗೆಂದು ತನಗೆ ತಾನೇ ಹೇಳಿಕೊಳ್ಳುವ ಧೈರ್ಯ ಬರುತ್ತಿಲ್ಲ. ಕೆನ್ನೆಯ ಮೇಲೆದ್ದ ಕೀವು ತುಂಬಿದ ಮೊಡವೆಯನ್ನು ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತಾನೆ. ರಾತ್ರಿ ಕಳೆಯಲು ಏಣಿ ಹತ್ತಿ ಅಟ್ಟಕ್ಕೆ ಹೋದಾಗ, ಸೂಡಿಯ ಬೆಳಕಿನಲ್ಲಿ ಒಬ್ಬ ಮುದುಕಿ ಹೆಣವೊಂದರ ತಲೆಗೂದಲನ್ನು ಒಂದೊಂದಾಗಿ ಕೀಳುತ್ತಿರುವುದು ಕಾಣುತ್ತದೆ.

ಆ ಕ್ಷಣಕ್ಕೆ ಅವನು ನ್ಯಾಯವಂತನಾಗಿಬಿಡುತ್ತಾನೆ. ಸ್ವಲ್ಪ ಹೊತ್ತಿನ ಹಿಂದೆ ತಾನೇ ಕಳ್ಳತನದ ಬಗ್ಗೆ ಯೋಚಿಸುತ್ತಿದ್ದುದು ಮರೆತುಹೋಗಿ, ಕತ್ತಿ ಹಿರಿದು ಅವಳ ಮೇಲೆ ಬೀಳುತ್ತಾನೆ. ಮುದುಕಿ ಗೋಗರೆಯುತ್ತ ಕೊಡುವ ವಿವರಣೆ ಇಷ್ಟು: ಈ ಕೂದಲಿನಿಂದ ಚೌರಿ ಮಾಡಿ ಮಾರುತ್ತೇನೆ, ಈ ಸತ್ತ ಹೆಂಗಸು ಬದುಕಿದ್ದಾಗ ಹಾವಿನ ಮಾಂಸವನ್ನು ಒಣಮೀನೆಂದು ಹೇಳಿ ಮಾರುತ್ತಿದ್ದಳು, ಹೊಟ್ಟೆಪಾಡಿಗೆ ಅವಳು ಮಾಡಿದ್ದು ತಪ್ಪಲ್ಲ, ಆದ್ದರಿಂದ ನಾನು ಮಾಡುವುದೂ ತಪ್ಪಲ್ಲ, ಅವಳಿದ್ದಿದ್ದರೆ ಅವಳೇ ಒಪ್ಪುತ್ತಿದ್ದಳು. ಆಳು ಇದನ್ನೆಲ್ಲ ತಣ್ಣಗೆ ಕೇಳಿಸಿಕೊಳ್ಳುತ್ತಾನೆ. ಆ ತನಕ ಮೊಡವೆಯ ಮೇಲಿದ್ದ ಕೈ ಈಗ ಅಲ್ಲಿಂದ ಕೆಳಗಿಳಿಯುತ್ತದೆ. ಹಾಗಾದರೆ ನಿನ್ನ ಬಟ್ಟೆ ಕಿತ್ತುಕೊಂಡರೆ ನನ್ನನ್ನೂ ಬೈಯಬೇಡ ಎಂದು ಅವಳ ಮೈಮೇಲಿದ್ದುದನ್ನು ಸುಲಿದುಕೊಂಡು, ಅವಳನ್ನು ಹೆಣಗಳ ಮೇಲೆ ಒದ್ದು ಕತ್ತಲಲ್ಲಿ ಇಳಿದುಹೋಗುತ್ತಾನೆ. ಅಕುತಗಾವ 1915ರಲ್ಲಿ ಇದನ್ನು ಮೊದಲು ಪ್ರಕಟಿಸಿದಾಗ, ಆಳು ಮಳೆಯಲ್ಲೇ ದರೋಡೆಗೆ ಹೊರಟ ಎಂಬ ಅರ್ಥದ ಮುಕ್ತಾಯವಿತ್ತು. ಮುಂದೆ ಅದನ್ನು ತಿದ್ದಿ, ಅವನು ಏನಾದನೆಂದು ಯಾರಿಗೂ ಗೊತ್ತಿಲ್ಲ ಎಂದಷ್ಟಕ್ಕೆ ನಿಲ್ಲಿಸಿದ. ಕತೆ ಮೊದಲು ಅಚ್ಚಾದಾಗ ಅಕುತಗಾವನಿಗೆ ಇಪ್ಪತ್ತಮೂರು ವರ್ಷ ಎಂಬುದನ್ನು ನೆನೆದರೆ ಹೊಟ್ಟೆಕಿಚ್ಚಾಗುತ್ತದೆ.

ಈ ಸಂಕಲನವನ್ನು ಭಯದ, ವಂಚನೆಯ, ಮನುಷ್ಯನ ದೌರ್ಬಲ್ಯದ ಕತೆಗಳೆಂದು ಪರಿಚಯಿಸುವುದು ವಾಡಿಕೆ. ಅದು ತಪ್ಪೇನಲ್ಲ. ಆದರೆ ಭಯವನ್ನಾಗಲಿ ದ್ರೋಹವನ್ನಾಗಲಿ ಬರೆದ ಕತೆಗಾರರಿಗೆ ನಮ್ಮಲ್ಲೂ ಬರವಿಲ್ಲ. ಅಕುತಗಾವ ಕಣ್ಣಿಡುವುದು ಅವೆರಡರ ನಡುವಿನ ಸಣ್ಣ ಸಂದಿಯ ಮೇಲೆ, ಅಂದರೆ ಹೆದರಿದವನಿಗೆ ಒಂದು ನೆಪ ಸಿಗುವ ಗಳಿಗೆಯ ಮೇಲೆ. ಆಳಿಗೆ ಹಸಿವು ಮೊದಲೇ ಇತ್ತು, ಕತ್ತಿಯೂ ಇತ್ತು, ಇಲ್ಲದಿದ್ದುದು ಸಮಜಾಯಿಷಿ ಮಾತ್ರ. ಅದನ್ನು ಅವನಿಗೆ ಕೊಟ್ಟವಳು ಅದರಿಂದಲೇ ಬೆತ್ತಲಾಗಬೇಕಾದ ಮುದುಕಿ. ಈ ಒಂದು ಎಳೆಯನ್ನು ಹಿಡಿದುಕೊಂಡರೆ ಪುಸ್ತಕದ ಒಳ್ಳೆಯ ಕತೆಗಳೆಲ್ಲ ಒಂದರ ಹಿಂದೊಂದು ತೆರೆದುಕೊಳ್ಳುತ್ತವೆ; ಎಳೆ ಸಡಿಲಾದ ಕಡೆಯಲ್ಲೆಲ್ಲ ಕತೆಯೂ ಸಪ್ಪೆಯಾಗುತ್ತದೆ.

ಹೆಗ್ಗೋಡಿನ ಚಿತ್ರಶಿಬಿರಗಳ ಕಾಲದಿಂದ ಹೊರಗಿನ ಸಿನಿಮಾ ನೋಡುವ ಅಭ್ಯಾಸವಿರುವ ನಮ್ಮ ಭಾಗದವರಿಗೆ ‘ರಾಶೊಮೊನ್’ ಎಂದರೆ ಮೊದಲು ನೆನಪಾಗುವುದು 1950ರ ಕುರೊಸಾವನ ಚಿತ್ರ, ಮರುವರ್ಷ ವೆನಿಸ್‌ನಲ್ಲಿ ಗೋಲ್ಡನ್ ಲಯನ್ ಪಡೆದದ್ದು. ಚಿತ್ರ ನೋಡಿ ಪುಸ್ತಕಕ್ಕೆ ಬರುವವರು ಒಂದು ವಿಷಯ ತಿಳಿದಿರಬೇಕು. ಹೆಸರು, ಮಳೆ ಮತ್ತು ಹೆಬ್ಬಾಗಿಲು ಮಾತ್ರ ಈ ಮೊದಲ ಕತೆಯವು. ಕೊಲೆ ಮತ್ತು ಒಂದಕ್ಕೊಂದು ಹೊಂದದ ಹೇಳಿಕೆಗಳು 1922ರ ‘ಬಿದಿರು ಮೆಳೆಯಲ್ಲಿ’ ಎಂಬ ಇನ್ನೊಂದು ಕತೆಯವು. ಚಿತ್ರದ ಕೊನೆಯಲ್ಲಿ ಸಿಗುವ ಅನಾಥ ಕೂಸು, ಅದರಿಂದ ನೋಡುವವರಿಗೆ ಸಿಗುವ ಸಮಾಧಾನ, ಎರಡೂ ಪುಸ್ತಕದಲ್ಲಿಲ್ಲ. ನನ್ನ ಮಟ್ಟಿಗೆ ಕತೆಗೆ ಅದರಿಂದ ಒಳ್ಳೆಯದೇ ಆಗಿದೆ.

‘ಬಿದಿರು ಮೆಳೆಯಲ್ಲಿ’ ಕತೆಯಲ್ಲಿ ನಿರೂಪಕನೇ ಇಲ್ಲ. ಏಳು ಜನರ ಹೇಳಿಕೆಗಳನ್ನು ಒಂದರ ಕೆಳಗೊಂದು ಇಟ್ಟಿದ್ದಾರೆ, ಅಷ್ಟೆ. ಹೆಣ ನೋಡಿದ ಸೌದೆ ಕಡಿಯುವವನು, ದಾರಿಯಲ್ಲಿ ಗಂಡಹೆಂಡಿರನ್ನು ಕಂಡ ಭಿಕ್ಷು, ಕಳ್ಳನನ್ನು ಹಿಡಿದವನು, ಹೆಣ್ಣಿನ ತಾಯಿ, ಆಮೇಲೆ ಕಳ್ಳ, ಹೆಂಡತಿ, ಕೊನೆಗೆ ಸತ್ತ ಗಂಡ. ಸಾಮಾನ್ಯವಾಗಿ ಕೊಲೆ ಪ್ರಕರಣದಲ್ಲಿ ಎಲ್ಲರೂ ತಾನಲ್ಲ ಎನ್ನುತ್ತಾರೆ. ಇಲ್ಲಿ ಮೂವರೂ ತಾನೇ ಎನ್ನುತ್ತಾರೆ. ಕಳ್ಳ ತಾನು ವೀರನಂತೆ ಕತ್ತಿವರಸೆಯಲ್ಲಿ ಗೆದ್ದು ಕೊಂದೆ ಎನ್ನುತ್ತಾನೆ, ಇಪ್ಪತ್ತಮೂರನೆಯ ಹೊಡೆತಕ್ಕೆ ಎಂದು ಲೆಕ್ಕವನ್ನೂ ಕೊಡುತ್ತಾನೆ. ಮರಕ್ಕೆ ಕಟ್ಟಿಹಾಕಿದ್ದ ಗಂಡನ ಕಣ್ಣಿನಲ್ಲಿ ತನ್ನ ಬಗ್ಗೆ ಅಸಹ್ಯವನ್ನು ಕಂಡು ತಾಳಲಾರದೆ ತಾನೇ ಇರಿದೆನೆಂದು ಹೆಂಡತಿ ಹೇಳುತ್ತಾಳೆ. ಗಂಡನನ್ನು ಕೊಲ್ಲೆಂದು ಹೆಂಡತಿಯೇ ಕಳ್ಳನಿಗೆ ಹೇಳಿದ ಮಾತು ಕೇಳಿ ತಾನೇ ಇರಿದುಕೊಂಡೆನೆಂದು ಗಂಡ ಹೇಳುತ್ತಾನೆ. ಪ್ರಾಣ ಉಳಿಸಿಕೊಳ್ಳಲು ಹೇಳಿದ ಸುಳ್ಳುಗಳಲ್ಲ ಇವು, ಮಾನ ಉಳಿಸಿಕೊಳ್ಳಲು ಹೇಳಿದವು. ಯಾವುದು ಸುಳ್ಳು ಎಂಬುದು ಕೊನೆಯವರೆಗೂ ತಿಳಿಯುವುದಿಲ್ಲ. ಕಳ್ಳನದನ್ನು ಬಿಟ್ಟು ಉಳಿದವರ ಹೇಳಿಕೆಯಲ್ಲಿ ಮಬ್ಬಾಗಿ ಉಳಿಯುವ ಒಂದು ಸಣ್ಣ ಸಂಗತಿ ಬೇರೆ ಇದೆ. ಗಂಡ ದಾರಿ ಬಿಟ್ಟು ಮೆಳೆಯೊಳಗೆ ಹೋದದ್ದೇಕೆ? ಹಳೆಯ ಗೋರಿ ಅಗೆದಾಗ ಸಿಕ್ಕ ಕನ್ನಡಿ, ಕತ್ತಿಗಳನ್ನು ಅಲ್ಲಿ ಹೂತಿಟ್ಟಿದ್ದೇನೆ, ಅಗ್ಗಕ್ಕೆ ಕೊಡುತ್ತೇನೆ ಎಂದು ಕಳ್ಳ ಹೇಳಿದ್ದ. ಆ ಆಸೆಗೆ ಹೋದ. ಕೊಲೆಯ ಬಗ್ಗೆ ಅಷ್ಟು ದೀರ್ಘವಾಗಿ ಮಾತನಾಡುವ ಪ್ರೇತಕ್ಕೆ ಈ ಅಗ್ಗದ ವ್ಯಾಪಾರ ನೆನಪಿಗೇ ಬರುವುದಿಲ್ಲ.

ಸತ್ತವನು ಮಾತನಾಡುವುದು ಮೈಮೇಲೆ ಬರಿಸಿಕೊಳ್ಳುವ ಒಬ್ಬ ಹೆಂಗಸಿನ ಬಾಯಿಂದ. ನಗರದ ಓದುಗರು ಇದನ್ನು ಕತೆಗಾರನ ತಂತ್ರವೆಂದು ಮೆಚ್ಚಿಕೊಳ್ಳಬಹುದು. ದರ್ಶನ, ಪಾತ್ರಿ, ಕಾಯಿ ಒಡೆಸುವುದನ್ನು ಕಂಡು ಬೆಳೆದವರಿಗೆ ಇದರಲ್ಲಿ ತಂತ್ರವೇನೂ ಕಾಣುವುದಿಲ್ಲ. ಕಳೆದುಹೋದ ಒಡವೆಯಿಂದ ಹಿಡಿದು ಬೇಲಿಯ ಜಗಳದವರೆಗೆ ನಮ್ಮಲ್ಲಿ ಪಾತ್ರಿಯ ಮಾತನ್ನು ಕೇಳಿದವರಿದ್ದಾರೆ, ಮೈದುಂಬಿದಾಗ ಬಂದ ಮಾತು ಸುಳ್ಳಾಗದು ಎಂಬ ನಂಬಿಕೆಯ ಮೇಲೆಯೇ ಅದು ನಡೆಯುತ್ತದೆ. ಆ ನಂಬಿಕೆಯೊಡನೆ ಓದಿದಾಗಲೇ ಈ ಕತೆಯ ಏಟು ಸರಿಯಾಗಿ ಬೀಳುತ್ತದೆ, ಏಕೆಂದರೆ ಇಲ್ಲಿ ಸತ್ತವನ ಮಾತನ್ನೂ ನಂಬುವಂತಿಲ್ಲ. ಕೊನೆಯಲ್ಲಿ ಯಾವುದೋ ಕಾಣದ ಕೈ ಮೆಲ್ಲಗೆ ಬಂದು ಅವನ ಎದೆಯಿಂದ ಕಠಾರಿಯನ್ನು ಎಳೆದುಕೊಳ್ಳುತ್ತದೆ. ಅದು ಯಾರ ಕೈಯೆಂದು ನಾನು ಮೊದಲ ಹೇಳಿಕೆಗೆ ಹಿಂದಿರುಗಿ ಮತ್ತೆ ಓದಿದೆ. ನಿಮಗೂ ಹಾಗೇ ಆದೀತು.

ಪುಸ್ತಕದ ಅತ್ಯಂತ ದೊಡ್ಡ ಕತೆಯೆಂದು ನಾನು ಎಣಿಸುವುದು 1918ರ ‘ನರಕದ ತೆರೆ’ಯನ್ನು. ಹೊರಿಕಾವದ ಒಡೆಯ ನರಕದ ಚಿತ್ರವಿರುವ ಮಡಿಸುವ ತೆರೆಯೊಂದನ್ನು ಬರೆಯಲು ಯೊಶಿಹಿದೆ ಎಂಬ ಚಿತ್ರಕಾರನಿಗೆ ಅಪ್ಪಣೆ ಕೊಡುತ್ತಾನೆ. ಕಣ್ಣಾರೆ ಕಾಣದ್ದನ್ನು ಬರೆಯಲಾರೆ ಎನ್ನುವ ಈ ಜಿಪುಣ, ಗರ್ವಿ ಮುದುಕನಿಗೆ ಮಗಳೊಬ್ಬಳ ಮೇಲೆ ಮಾತ್ರ ಪ್ರಾಣ. ಅವಳು ಒಡೆಯನ ಮನೆಯಲ್ಲಿ ಊಳಿಗಕ್ಕಿದ್ದಾಳೆ. ಚಿತ್ರದ ನಡುವೆ ಉರಿಯುವ ರಥವೊಂದು ಬೇಕು, ಒಳಗೆ ಹೆಣ್ಣೊಬ್ಬಳು ಸುಡುತ್ತಿರಬೇಕು ಎಂದು ಅವನು ಕೇಳುತ್ತಾನೆ. ಒಡೆಯ ಒಪ್ಪುತ್ತಾನೆ. ಆ ರಾತ್ರಿ ರಥದಲ್ಲಿ ಸರಪಳಿಯಿಂದ ಬಿಗಿದು ಕೂರಿಸಿರುವುದು ಮಗಳನ್ನೇ.

ಇದು ಕತೆಯ ಸಾರಾಂಶವಾಯಿತು. ಆದರೆ ಕತೆ ಇರುವುದು ಇಲ್ಲಲ್ಲ, ಹೇಳುವವನ ಬಾಯಲ್ಲಿ. ನಿರೂಪಕ ಒಡೆಯನ ಮನೆಯ ಹಳೆಯ ಊಳಿಗದವನು. ನಮ್ಮ ಕಡೆಯ ದೊಡ್ಡ ಮನೆತನಗಳಲ್ಲಿ ಲೆಕ್ಕ ಬರೆದುಕೊಂಡು ಮುದುಕರಾದವರ ಮಾತು ಕೇಳಿದವರಿಗೆ ಅವನ ದನಿ ಕೂಡಲೇ ಗುರುತು ಸಿಗುತ್ತದೆ. ಒಡೆಯರು ಅಂಥವರಲ್ಲ, ಜನ ಏನೇನೋ ಆಡಿಕೊಳ್ಳುತ್ತಾರೆ, ಆ ಹುಡುಗಿಯ ಮೇಲೆ ಅವರಿಗೆ ಕಣ್ಣಿತ್ತೆಂಬುದು ಶುದ್ಧ ಸುಳ್ಳು ಎಂದು ಅವನು ಎಷ್ಟು ಸಲ ಹೇಳುತ್ತಾನೆಂದರೆ, ನಾಲ್ಕನೆಯ ಸಲಕ್ಕೆ ಓದುಗನಿಗೆ ನಡೆದದ್ದೆಲ್ಲ ತಿಳಿದುಹೋಗುತ್ತದೆ. ಒಂದು ರಾತ್ರಿ ಹುಡುಗಿ ಸಾಕಿದ ಕೋತಿ ಬಂದು ಅವನ ಬಟ್ಟೆಯನ್ನು ಹಿಡಿದೆಳೆಯುತ್ತದೆ. ಹಿಂದೆ ಹೋದರೆ ಒಂದು ಕೋಣೆಯಿಂದ ಹುಡುಗಿ ಬಟ್ಟೆ ಅಸ್ತವ್ಯಸ್ತವಾಗಿ, ಏದುಸಿರು ಬಿಡುತ್ತ ಹೊರಗೆ ಓಡಿಬರುತ್ತಾಳೆ. ಇನ್ನೊಬ್ಬರ ಹೆಜ್ಜೆಯ ಸದ್ದು ಕತ್ತಲಲ್ಲಿ ದೂರವಾಗುತ್ತದೆ. ಯಾರು ಎಂದು ಕೇಳುತ್ತಾನೆ, ಅವಳು ತುಟಿ ಕಚ್ಚಿಕೊಂಡು ತಲೆಯಾಡಿಸುತ್ತಾಳೆ, ಇವನು ಅಲ್ಲಿಗೆ ಬಿಡುತ್ತಾನೆ. ತಾನು ಮಂದಬುದ್ಧಿಯವನು, ಎದ್ದು ಕಾಣುವುದಕ್ಕಿಂತ ಹೆಚ್ಚಿನದು ತನಗೆ ತಿಳಿಯದು ಎಂಬುದು ಅವನು ಕೊಡುವ ಕಾರಣ. ಈ ಪುಸ್ತಕದಲ್ಲಿ ಕೊಲೆಗಾರರಿದ್ದಾರೆ, ಕಳ್ಳರಿದ್ದಾರೆ, ಆದರೂ ನನಗೆ ಎಲ್ಲರಿಗಿಂತ ದೊಡ್ಡ ದ್ರೋಹಿಯಾಗಿ ಕಂಡವನು ಈ ಸಾಧು ಮುದುಕ. ಅವನು ಯಾರಿಗೂ ಕೇಡು ಬಗೆಯಲಿಲ್ಲ, ಹೆಜ್ಜೆಯ ಸದ್ದು ಯಾರದೆಂದು ಮತ್ತೆ ಕೇಳಲಿಲ್ಲ, ಅಷ್ಟೆ. ಆ ಕೋತಿ ಮುಂದೆ ಏನು ಮಾಡುತ್ತದೆಂದು ಹೇಳುವುದಿಲ್ಲ, ಓದುವವರಿಗಿರಲಿ.

‘ಮೂಗು’ 1916ರ ಕತೆ, ಆ ಕಾಲದ ಹಿರಿಯ ಕಾದಂಬರಿಕಾರ ನತ್ಸುಮೆ ಸೊಸೆಕಿ ಮೆಚ್ಚಿ ಬರೆದದ್ದರಿಂದ ಅಕುತಗಾವನಿಗೆ ಹೆಸರು ತಂದದ್ದು. ಗಲ್ಲದ ಕೆಳಗಿನವರೆಗೆ ಜೋತುಬಿದ್ದ ಮೂಗಿನ ಒಬ್ಬ ಸನ್ಯಾಸಿ. ಅವನು ಉಣ್ಣುವಾಗ ಶಿಷ್ಯನೊಬ್ಬ ಎದುರು ಕೂತು ಪಟ್ಟಿಯಿಂದ ಮೂಗನ್ನೆತ್ತಿ ಹಿಡಿಯಬೇಕು. ಬಿಸಿನೀರಿನಲ್ಲಿ ಅದ್ದಿ, ಕಾಲಿನಿಂದ ತುಳಿಸಿ ಮೂಗನ್ನು ಗಿಡ್ಡ ಮಾಡಿಸಿಕೊಂಡ ಮೇಲೆ ಜನ ಮೊದಲಿಗಿಂತ ಹೆಚ್ಚು ನಗುತ್ತಾರೆ. ಇನ್ನೊಬ್ಬರ ಕಷ್ಟಕ್ಕೆ ಮರುಗುವ ನಾವು, ಅವರು ಅದರಿಂದ ಪಾರಾದರೆ ಏನೋ ಕಳೆದುಕೊಂಡಂತೆ ಚಡಪಡಿಸುತ್ತೇವೆ ಎಂಬುದು ಇಲ್ಲಿಯ ಕಾಣ್ಕೆ. ಸಾಲದಲ್ಲಿ ಮುಳುಗಿದವನ ಬಗ್ಗೆ ಲೊಚಗುಟ್ಟಿದವರೇ, ಅವನು ಸಾಲ ತೀರಿಸಿ ಮನೆಗೆ ಹೊಸ ಹೆಂಚು ಹೊದಿಸಿದ ದಿನ ಸೊಸೈಟಿಯ ಕಟ್ಟೆಯ ಮೇಲೆ ಕೂತು ಹಣ ಎಲ್ಲಿಂದ ಬಂತೆಂದು ಲೆಕ್ಕ ಹಾಕುವುದನ್ನು ಕಂಡಿದ್ದೇನೆ. ನಾನೂ ಆ ಕಟ್ಟೆಯ ಮೇಲಿದ್ದೆ.

ಇವುಗಳಷ್ಟು ಹೆಸರಾಗದ ‘ಓ-ಗಿನ್’ ಕತೆಗಾಗಿಯೇ ಈ ಪುಸ್ತಕವನ್ನು ಕೊಳ್ಳಬಹುದು. ಕ್ರೈಸ್ತಧರ್ಮಕ್ಕೆ ನಿಷೇಧವಿದ್ದ ಕಾಲದ ನಾಗಸಾಕಿಯ ಬಳಿ, ಗುಟ್ಟಾಗಿ ಆ ಧರ್ಮ ಪಾಲಿಸುವ ರೈತ ದಂಪತಿ ಒಬ್ಬ ಅನಾಥ ಹುಡುಗಿಯನ್ನು ಸಾಕಿದ್ದಾರೆ. ಮೂವರೂ ಸಿಕ್ಕಿಬೀಳುತ್ತಾರೆ, ಚಿತ್ರಹಿಂಸೆಗೂ ಬಗ್ಗುವುದಿಲ್ಲ, ಕೊನೆಗೆ ಸೌದೆಯ ನಡುವೆ ಕಂಬಕ್ಕೆ ಕಟ್ಟುತ್ತಾರೆ. ಬೆಂಕಿ ಇಡುವ ಮುನ್ನ ಹುಡುಗಿ, ತಾನು ಧರ್ಮ ಬಿಟ್ಟೆ ಎನ್ನುತ್ತಾಳೆ. ಪ್ರಾಣಭಯವೆಂದು ಎಲ್ಲರೂ ತಿಳಿಯುತ್ತಾರೆ. ಅವಳ ಕಾರಣ ಬೇರೆ: ದೂರದಲ್ಲಿ ಕಾಣುವ ಸ್ಮಶಾನದ ಮರಗಳ ಕೆಳಗೆ ಹೆತ್ತವರು ಮಲಗಿದ್ದಾರೆ, ದೇವರನ್ನು ಅರಿಯದೆ ಸತ್ತ ಅವರು ನರಕದಲ್ಲಿರುತ್ತಾರೆ, ಅವರನ್ನು ಅಲ್ಲಿ ಬಿಟ್ಟು ತಾನೊಬ್ಬಳೇ ಸ್ವರ್ಗಕ್ಕೆ ಹೋಗಲಾರಳು. ಅವಳ ಕಣ್ಣು ನೋಡಿದ ಸಾಕುತಂದೆತಾಯಿಯರೂ ಜಾರುತ್ತಾರೆ. ಇಡೀ ಪುಸ್ತಕದಲ್ಲಿ ನೆಪವೆಂದು ಕರೆಯಲು ನನ್ನ ನಾಲಿಗೆ ಏಳದ ಒಂದೇ ಸಮಜಾಯಿಷಿ ಇದು. ಪಿತೃಪಕ್ಷದಲ್ಲಿ ಎಡೆಯಿಡುವ ಯಾರಿಗಾದರೂ ಆ ಹುಡುಗಿಯ ತರ್ಕವನ್ನು ವಿವರಿಸಿ ಹೇಳಬೇಕಾಗಿಲ್ಲ. ಇದನ್ನು ಸೈತಾನನ ಗೆಲುವೆನ್ನಬಹುದೇ ಎಂದು ಕತೆಗಾರನೂ ಅನುಮಾನಿಸುತ್ತಾನೆ. ಇದರ ಪಕ್ಕದಲ್ಲೇ ಇರುವ ವೈದ್ಯನ ನಿವೇದನೆಯ ಕತೆಯನ್ನೂ ಜೊತೆಗೆ ಓದಬೇಕು. ಅಲ್ಲಿ ಮಗಳ ಜೀವಕ್ಕಾಗಿ ಶಿಲುಬೆಯನ್ನು ತುಳಿಯಬೇಕಾದ ತಾಯಿಯೊಬ್ಬಳಿದ್ದಾಳೆ.

ಎಲ್ಲವೂ ಈ ಮಟ್ಟದ್ದಲ್ಲ. ಮಕ್ಕಳ ಪತ್ರಿಕೆಗೆ ಬರೆದ ‘ಜೇಡನ ಎಳೆ’ ಚಿಕ್ಕದು, ಅಂದವಾದದ್ದು, ಆದರೆ ನೀತಿಕತೆಯ ಚೌಕಟ್ಟಿನಿಂದ ಆಚೆಗೆ ಬರುವುದಿಲ್ಲ. ‘ಸ್ವಾಮಿನಿಷ್ಠೆ’ ಜಪಾನಿನ ಸಾಮಂತರ ಒಳಸಂಬಂಧಗಳು ಗೊತ್ತಿಲ್ಲದವರಿಗೆ ಉದ್ದವೆನಿಸುತ್ತದೆ. ‘ಕುದುರೆಯ ಕಾಲು’ ಒಳ್ಳೆಯ ತಮಾಷೆಯಾಗಿ ಶುರುವಾಗಿ ತಮಾಷೆಯಾಗಿಯೇ ಉಳಿದುಬಿಡುತ್ತದೆ. ‘ಈರುಳ್ಳಿ ಸೊಪ್ಪು’ ಮಾತ್ರ ಈ ಮಧ್ಯಭಾಗದಲ್ಲಿ ನನಗೆ ಹಿಡಿಸಿತು: ಪ್ರೇಮದ ಅಮಲಿನಲ್ಲಿ ಗೆಳೆಯನೊಡನೆ ನಡೆಯುತ್ತಿರುವ ಹೋಟೆಲಿನ ಹುಡುಗಿಗೆ ತರಕಾರಿ ಅಂಗಡಿಯಲ್ಲಿ ಅಗ್ಗದ ಈರುಳ್ಳಿ ಸೊಪ್ಪಿನ ಕಟ್ಟು ಕಾಣುತ್ತದೆ, ಪ್ರೇಮ ಪಕ್ಕಕ್ಕೆ ಸರಿಯುತ್ತದೆ. ಕೆರೆಯಿಂದ ಡ್ರ್ಯಾಗನ್ ಮೇಲೇಳುತ್ತದೆಂದು ಸುಳ್ಳು ಫಲಕ ನೆಟ್ಟ ಸನ್ಯಾಸಿ, ನೆರೆದ ಜನಸಾಗರ ಕಂಡು ತಾನೇ ನಂಬತೊಡಗುವ ‘ಡ್ರ್ಯಾಗನ್’ ಕತೆಯನ್ನು ಮೊಬೈಲಿನಲ್ಲಿ ಸುದ್ದಿ ಹಂಚುವ ಕುಟುಂಬದ ಗುಂಪುಗಳಲ್ಲಿ ಕಡ್ಡಾಯ ಮಾಡಬಹುದು.

ಅನುವಾದದ ಬಗ್ಗೆ ಜಪಾನಿ ಬಾರದ ನಾನು ಹೇಳಬಹುದಾದದ್ದು ಇಷ್ಟು: ರೂಬಿನ್ ಅವರ ಇಂಗ್ಲಿಷ್ ತೊಡಕಿಲ್ಲದೆ ಸಾಗುತ್ತದೆ, ಊಳಿಗದವನ ವಿನಯದ ದನಿಯೂ ಕಳ್ಳನ ಬಡಾಯಿಯೂ ಬೇರೆ ಬೇರೆಯಾಗಿಯೇ ಕೇಳಿಸುತ್ತವೆ. ಅವರು ಕತೆಗಳನ್ನು ಬರೆದ ವರ್ಷದ ಪ್ರಕಾರ ಜೋಡಿಸಿಲ್ಲ, ಕತೆ ನಡೆಯುವ ಕಾಲದ ಪ್ರಕಾರ ಜೋಡಿಸಿದ್ದಾರೆ. ಪ್ರಾಚೀನ ಕ್ಯೋಟೊದಿಂದ ಶುರುವಾಗಿ ಅಕುತಗಾವನ ಸ್ವಂತ ಬದುಕಿಗೆ ಬಂದು ಮುಟ್ಟುವ ಈ ಕ್ರಮದಿಂದ ಬರಹಗಾರನ ಬೆಳವಣಿಗೆ ತಿಳಿಯುವುದಿಲ್ಲ, ಆದರೆ ಇನ್ನೊಂದು ಲಾಭವಿದೆ. ಮೊದಲ ಭಾಗದ ಹಲವು ಕತೆಗಳ ಬೇರು ಭಾರತ, ಚೀನಾ, ಜಪಾನಿನ ಕತೆಗಳನ್ನು ಒಟ್ಟುಗೂಡಿಸಿದ ‘ಕೊಂಜಾಕು ಮೊನೊಗತಾರಿ’ಯಂಥ ಹಳೆಯ ಸಂಗ್ರಹಗಳಲ್ಲಿದೆ, ಯಾರದೋ ಹಳೆಯ ಕತೆಯ ಮರೆಯಲ್ಲಿ ನಿಂತು ಮಾತನಾಡುತ್ತಿದ್ದವನು ಪುಟಗಳು ಮುಗಿಯುತ್ತ ಬಂದಂತೆ ಆ ಮರೆಯನ್ನು ಒಂದೊಂದಾಗಿ ಬಿಡುತ್ತಾನೆ. ಟಿಪ್ಪಣಿಗಳು ಉಪಯುಕ್ತ, ಆದರೆ ಅವು ಕೊನೆಯಲ್ಲಿರುವುದರಿಂದ ಎರಡು ಕಡೆ ಬೆರಳಿಟ್ಟುಕೊಂಡೇ ಓದಬೇಕು. ಮುರಕಾಮಿ ಅವರ ಮುನ್ನುಡಿಯನ್ನು ಕತೆಗಳ ನಂತರ ಓದುವುದು ಲೇಸು.

ಕೊನೆಯ ಆರು ಬರಹಗಳು ಅವನದೇ ಬದುಕಿನವು. ಅಕುತಗಾವ ಹುಟ್ಟಿದ್ದು 1892ರಲ್ಲಿ, ಹುಟ್ಟಿದ ಕೆಲವೇ ತಿಂಗಳಿಗೆ ತಾಯಿಗೆ ಬುದ್ಧಿಭ್ರಮಣೆಯಾಯಿತು, ಬೆಳೆದದ್ದು ಸೋದರಮಾವನ ಮನೆಯಲ್ಲಿ. ತಾಯಿಯ ರೋಗ ತನಗೂ ಬರುತ್ತದೆಂಬ ಹೆದರಿಕೆ ಅವನನ್ನು ಕೊನೆಯವರೆಗೂ ಬಿಡಲಿಲ್ಲ. 1927ರ ಜುಲೈನಲ್ಲಿ, ಮೂವತ್ತೈದನೆಯ ವಯಸ್ಸಿನಲ್ಲಿ, ನಿದ್ರೆಯ ಔಷಧಿ ಸೇವಿಸಿ ಪ್ರಾಣ ಕಳೆದುಕೊಂಡ. ಬರೆದಿಟ್ಟ ಪತ್ರದಲ್ಲಿ ಅವನು ಹೇಳಿದ ಕಾರಣ ಭವಿಷ್ಯದ ಬಗೆಗಿನ ಏನೋ ಒಂದು ಮಸುಕಾದ ಆತಂಕ ಎಂಬುದು. ಎಲ್ಲ ಪಾತ್ರಗಳಿಗೂ ಅಷ್ಟು ನಿಖರವಾದ ಕಾರಣಗಳನ್ನು ಹುಡುಕಿಕೊಟ್ಟವನಿಗೆ ತನ್ನ ಮಟ್ಟಿಗೆ ಸಿಕ್ಕಿದ್ದು ಅಷ್ಟೆ. ಐವತ್ತೊಂದು ತುಣುಕುಗಳ ‘ಒಬ್ಬ ಮೂರ್ಖನ ಬದುಕು’ ಮತ್ತು ‘ತಿರುಗುವ ಹಲ್ಲುಚಕ್ರಗಳು’ ಈ ಕೊನೆಯ ದಿನಗಳ ಬರಹಗಳು. ಮನಸ್ಸು ಕುಗ್ಗಿದವರು ಇವನ್ನು ಸದ್ಯಕ್ಕೆ ಬಿಟ್ಟು, ‘ಮಗುವಿನ ಕಾಯಿಲೆ’ಯಲ್ಲಿ ಜ್ವರ ಬಂದ ಕೂಸಿನ ಪಕ್ಕ ಕೂತ ತಂದೆಯನ್ನು ಓದಿ ಪುಸ್ತಕ ಮುಚ್ಚಿಡಬಹುದು. ಅದರಲ್ಲಿ ತಪ್ಪೇನಿಲ್ಲ.

‘ಹಲ್ಲುಚಕ್ರಗಳು’ ಬರಹದಲ್ಲಿ ಭಯಕ್ಕೆ ಹೆಸರಿಲ್ಲ. ಮದುವೆಯೊಂದಕ್ಕೆ ಹೊರಟವನಿಗೆ ದಾರಿಯಲ್ಲಿ ಜೊತೆಯಾದವನು, ಮಳೆಯ ದಿನಗಳಲ್ಲಿ ರೈನ್‌ಕೋಟ್ ಹಾಕಿಕೊಂಡು ಕಾಣಿಸಿಕೊಳ್ಳುವ ದೆವ್ವದ ಸುದ್ದಿ ಹೇಳುತ್ತಾನೆ. ಆಮೇಲೆ ಸ್ಟೇಷನ್ನಿನ ಬೆಂಚಿನ ಮೇಲೆ ರೈನ್‌ಕೋಟ್ ತೊಟ್ಟವನೊಬ್ಬ ಕೂತಿರುತ್ತಾನೆ, ಹೋಟೆಲಿನ ಆಸನದ ಮೇಲೆ ಯಾರದೋ ರೈನ್‌ಕೋಟ್ ಬಿದ್ದಿರುತ್ತದೆ, ಅಕ್ಕನ ಗಂಡ ರೈಲಿಗೆ ಸಿಕ್ಕಿ ಸತ್ತ ಸುದ್ದಿ ಬರುತ್ತದೆ, ಕಾಲವಲ್ಲದ ಕಾಲದಲ್ಲಿ ಅವನೂ ರೈನ್‌ಕೋಟ್ ತೊಟ್ಟಿದ್ದನೆಂದು ತಿಳಿಯುತ್ತದೆ. ಇದೆಲ್ಲದರ ನಡುವೆ ಕಣ್ಣಿನೊಳಗೆ ಅರೆಪಾರದರ್ಶಕ ಹಲ್ಲುಚಕ್ರಗಳು ತಿರುಗತೊಡಗುತ್ತವೆ, ಹಿಂದೆಯೇ ತಲೆನೋವು. ಒಂದು ಕಡೆಯೂ ಅವನು ಇದು ಇದರಿಂದಾಯಿತು ಎನ್ನುವುದಿಲ್ಲ. ಕರೆಂಟು ಹೋಗಿದ್ದ ರಾತ್ರಿ ಎಮರ್ಜೆನ್ಸಿ ಲೈಟಿನಲ್ಲಿ ಅಲ್ಲಿಯವರೆಗೆ ಓದಿದವನು ಎದ್ದು ಹೋಗಿ, ಜಗಲಿಯ ಗೂಟದಲ್ಲಿ ನೀರು ಸೋರಲು ನೇತುಹಾಕಿದ್ದ ನನ್ನದೇ ರೈನ್‌ಕೋಟನ್ನು ತೆಗೆದು ಬಚ್ಚಲಮನೆಯಲ್ಲಿ ಇಟ್ಟು ಬಾಗಿಲು ಹಾಕಿದೆ. ಬೆಳಿಗ್ಗೆ ಯಾಕೆಂದು ಮನೆಯವರು ಕೇಳಿದರು; ಒಲೆಯ ಕಾವಿಗೆ ಬೇಗ ಒಣಗಲಿ ಎಂದು ಅಂದೆ.